ಹಣ ಕೊಟ್ಟರೂ ಸಾಮಾನು ಬಾರದಿದ್ದರೆ: ವಕೀಲರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ, ಹುಬ್ಬಳ್ಳಿಯಿಂದ:

ವಕೀಲರಿಗೆ ನಮಸ್ಕಾರ. ಮಗಳ ಮದುವೆಗೆಂದು ಇಲ್ಲಿನ ಒಂದು ಪೀಠೋಪಕರಣ ಅಂಗಡಿಯಲ್ಲಿ ಸಾಗವಾನಿಯ ಮಂಚ, ಅಲ್ಮೇರಾ ಮತ್ತು ಕನ್ನಡಿ ಮೇಜಿಗೆ 78,000 ರೂಪಾಯಿ ಮಾತಾಡಿ, 70,000 ರೂಪಾಯಿ ಮುಂಗಡ ಕೊಟ್ಟೆವು. ಮದುವೆಗೆ ನಾಲ್ಕು ದಿನ ಮೊದಲೇ ಬೀಗರ ಮನೆಗೆ ಮುಟ್ಟಿಸುವುದಾಗಿ ಒಪ್ಪಿದ್ದರು. ಮದುವೆಯಾಗಿ ಎರಡು ತಿಂಗಳಾದರೂ ಒಮ್ಮೆ ಪಾಲಿಶ್ ಆಗುತ್ತಿದೆ ಎಂದೂ, ಇನ್ನೊಮ್ಮೆ ಬಡಿಗೇರರು ಊರಿಗೆ ಹೋಗಿದ್ದಾರೆ ಎಂದೂ ಹೇಳುತ್ತಲೇ ಇದ್ದಾರೆ. ನಮ್ಮ ಬಳಿ ಬಿಲ್ ಇಲ್ಲ, ಎಸ್ಟಿಮೇಟ್ ಚೀಟಿಯೊಂದೇ ಇದೆ. ಹಣವನ್ನು ಯುಪಿಐ ಮೂಲಕ ಮಾಲೀಕರ ಮಗನ ಖಾತೆಗೆ ಹಾಕಿದ್ದೇವೆ. ಹಣ ಮರಳಿಸಿ ಎಂದರೆ, ಆರ್ಡರ್ ಕೊಟ್ಟು ಮಾಡಿಸಿದ್ದಕ್ಕೆ ಹಣ ವಾಪಸ್ ಇಲ್ಲ ಎನ್ನುತ್ತಾರೆ. ನಮಗೆ ದಾರಿ ಇದೆಯೇ?

ಉತ್ತರ:

ಖಂಡಿತವಾಗಿಯೂ ಇದೆ. ನೀವು ಹಣವನ್ನೇ ಕೇಳಬಹುದು. ಮದುವೆಯ ದಿನಕ್ಕೆಂದೇ ಹೇಳಿ ಮಾಡಿಸಿದ ಸಾಮಾನು ಆ ದಿನಕ್ಕೆ ಬಾರದೆ ಹೋದರೆ, ಕೊಂಡವರು ಆ ಕರಾರಿನಿಂದ ಹಿಂದೆ ಸರಿಯಬಹುದು ಎಂಬುದು 1872ರ ಕರಾರು ಕಾಯ್ದೆಯ 55ನೇ ಕಲಮಿನಿಂದಲೇ ಬರುವ ಹಕ್ಕು. ಮಾತಿಗೆ ತಪ್ಪಿದವರು ಅಂಗಡಿಯವರಾಗಿರುವಾಗ, ಆರ್ಡರ್ ಮೇಲೆ ಮಾಡಿದ್ದು ಎಂಬ ಕಾರಣ ಅವರ ನೆರವಿಗೆ ಬರಲಾರದು.

ನೀವು ಕಳಿಸಿದ ಚೀಟಿಯ ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಮೇಲೆ ಎಸ್ಟಿಮೇಟ್ ಎಂದು ಅಚ್ಚಾಗಿದ್ದರೂ ಕೆಳಗಡೆ ನೀಲಿ ಪೆನ್ನಿನಲ್ಲಿ "ಜಮಾ 70,000, ಬಾಕಿ 8,000" ಎಂದು ಬರೆದು, ಪಕ್ಕದಲ್ಲಿ ತಲುಪಿಸುವ ತಾರೀಖು ಹಾಕಿ ಗೆರೆ ಎಳೆಯಲಾಗಿದೆ. ಮೂಲೆಯಲ್ಲಿ ಅಂಗಡಿಯ ರಬ್ಬರ್ ಮೊಹರು ಅರ್ಧ ಮೂಡಿದೆ. ಈ ಚೀಟಿ ನಿಮ್ಮ ಪಾಲಿನ ದೊಡ್ಡ ದಾಖಲೆ. ಇದನ್ನು ಲ್ಯಾಮಿನೇಟ್ ಮಾಡಿಸದೆ, ಮಡಚದೆ, ಪ್ಲಾಸ್ಟಿಕ್ ಕವರಿನಲ್ಲಿಡಿ. ಬಿಲ್ ಕೊಡದಿರುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಅನುಚಿತ ವ್ಯಾಪಾರ ಪದ್ಧತಿ ಎಂದೇ ಕರೆದಿರುವುದರಿಂದ, ಅವರು ಬಿಲ್ ಕೊಡದೆ ಹೋದದ್ದು ನಿಮ್ಮ ದೂರಿನ ಇನ್ನೊಂದು ಅಂಶವಾಗುತ್ತದೆ. ಹಣ ಮಗನ ಖಾತೆಗೆ ಹೋಗಿರುವ ಕಾರಣ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ, ದೂರಿನಲ್ಲಿ ಅಂಗಡಿ, ಮಾಲೀಕರು ಮತ್ತು ಮಗ ಮೂವರನ್ನೂ ಎದುರುದಾರರನ್ನಾಗಿ ಸೇರಿಸಿ. ಪಾಲಿಶ್ ಆಗುತ್ತಿದೆ ಎಂಬ ವಾಟ್ಸಾಪ್ ಸಂದೇಶಗಳನ್ನು ಅಳಿಸಬೇಡಿ, ಏಕೆಂದರೆ ಹಣ ಪಡೆದದ್ದನ್ನೂ ಸಾಮಾನು ಕೊಡದಿರುವುದನ್ನೂ ಅವರೇ ಅಲ್ಲಿ ಒಪ್ಪಿಕೊಂಡಂತಾಗಿದೆ.

ನಮ್ಮ ಕಡೆಯ ಜನ ಅಂಗಡಿಯವರ "ನಾಳೆ ಬರ್ರಿ" ಎಂಬ ಮಾತಿಗೆ ಬೆಲೆ ಕೊಟ್ಟು ತಿಂಗಳುಗಟ್ಟಲೆ ಓಡಾಡುತ್ತಾರೆ, ಒಂದು ಸಾಲನ್ನೂ ಬರೆದು ಕೊಡುವುದಿಲ್ಲ. ಇದನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆದ್ದರಿಂದ ಈ ವಾರವೇ ಸ್ಪೀಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ. ಅದರಲ್ಲಿ ಆರ್ಡರ್ ಕೊಟ್ಟ ದಿನ, ಕೊಟ್ಟ ಹಣ, ತಲುಪಿಸಬೇಕಿದ್ದ ದಿನ ಬರೆದು, ಆರ್ಡರನ್ನು ರದ್ದು ಮಾಡಿರುವುದಾಗಿಯೂ 15 ದಿನದೊಳಗೆ 70,000 ರೂಪಾಯಿ ಮರಳಿಸಬೇಕೆಂದೂ ತಿಳಿಸಿ. ಮೊದಲು ನೋಟಿಸ್ ಕೊಡಲೇಬೇಕೆಂದು ಕಾಯ್ದೆ ಹೇಳುವುದಿಲ್ಲ. ಆದರೂ ಅದರ ಪ್ರತಿ ಮತ್ತು ಅಂಚೆ ರಸೀದಿ ಮುಂದೆ ಬಹಳ ಉಪಯೋಗಕ್ಕೆ ಬರುತ್ತವೆ. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ದೂರು ದಾಖಲಿಸಬಹುದು. ಸಹಾಯವಾಣಿಗೆ ತೀರ್ಪು ಕೊಡುವ ಅಧಿಕಾರವಿಲ್ಲ.

ಅವರು ಜಗ್ಗದಿದ್ದರೆ ಧಾರವಾಡದಲ್ಲಿರುವ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸಿ. ಕೊಟ್ಟ ಬೆಲೆ 50 ಲಕ್ಷ ರೂಪಾಯಿ ಮೀರದ ದೂರುಗಳು ಜಿಲ್ಲಾ ಆಯೋಗಕ್ಕೇ ಬರುತ್ತವೆ, 5 ಲಕ್ಷದವರೆಗೆ ಶುಲ್ಕವೇ ಇಲ್ಲ. ಬೀಗರ ಮುಂದೆ ಆದ ಮುಜುಗರಕ್ಕೆ, ಅವಸರದಲ್ಲಿ ಬೇರೆ ಕಡೆ ಮಂಚ ಕೊಂಡ ಖರ್ಚಿಗೆ ಪರಿಹಾರ ಕೇಳಿದರೂ ಶುಲ್ಕ ಹೆಚ್ಚುವುದಿಲ್ಲ, ಏಕೆಂದರೆ ಲೆಕ್ಕಕ್ಕೆ ಹಿಡಿಯುವುದು ನೀವು ಕೊಟ್ಟ ಬೆಲೆಯನ್ನು. ವಕೀಲರಿಲ್ಲದೆ ನೀವೇ ನಿಂತು ವಾದಿಸಬಹುದು. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ದೂರು ಸಲ್ಲಬೇಕು. ಆಯೋಗದ ನೋಟಿಸ್ ತಲುಪಿದ ಎದುರುದಾರರು 30 ದಿನದಲ್ಲಿ, ಆಯೋಗ ಅವಕಾಶ ಕೊಟ್ಟರೆ ಇನ್ನೂ 15 ದಿನದಲ್ಲಿ ಉತ್ತರಿಸಬೇಕು. 45 ದಿನ ಮೀರಿದ ಉತ್ತರವನ್ನು ಸ್ವೀಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ಮೂರು ತಿಂಗಳಲ್ಲಿ ತೀರ್ಮಾನಿಸಲು ಪ್ರಯತ್ನಿಸಬೇಕೆಂದು ಕಾಯ್ದೆಯಲ್ಲಿದ್ದರೂ ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ಸಮಯ ಹಿಡಿಯುತ್ತದೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡೇ ಹೋಗಿ.

ಅವರದೇ ಮರುಪ್ರಶ್ನೆ:

ನೋಟಿಸ್ ತಲುಪಿದ ಮೂರನೆಯ ದಿನವೇ ಅಂಗಡಿಯವರು ಫೋನ್ ಮಾಡಿ, ಮಂಚ ಸಿದ್ಧವಿದೆ, ಗಾಡಿ ಕಳಿಸುತ್ತೇವೆ ಎನ್ನುತ್ತಿದ್ದಾರೆ. ಮಗಳು ಇರಲಿ ತಗೋ ಎನ್ನುತ್ತಾಳೆ. ತೆಗೆದುಕೊಂಡರೆ ತೊಂದರೆಯೇ?

ಉತ್ತರ:

ತೆಗೆದುಕೊಳ್ಳುವುದೂ ಬಿಡುವುದೂ ನಿಮ್ಮ ಇಚ್ಛೆ, ಆದರೆ ಸುಮ್ಮನೆ ತೆಗೆದುಕೊಳ್ಳಬೇಡಿ. ತಡವಾಗಿ ಬಂದದ್ದನ್ನು ಒಪ್ಪಿಕೊಳ್ಳುವಾಗ, ತಡವಾದದ್ದಕ್ಕೆ ಪರಿಹಾರ ಕೇಳುತ್ತೇನೆ ಎಂದು ಆಗಲೇ ತಿಳಿಸದಿದ್ದರೆ ಆ ಪರಿಹಾರದ ಹಕ್ಕು ಹೋಗುತ್ತದೆ ಎಂದು ಅದೇ 55ನೇ ಕಲಮು ಹೇಳುತ್ತದೆ. ಗಾಡಿಯ ಹುಡುಗ ಸಹಿಗೆ ಚಾಚುವ ಕಾಗದದ ಮೇಲೆಯೇ "ಮಂಚ ಮಾತ್ರ ತಡವಾಗಿ ತಲುಪಿದೆ, ಅಲ್ಮೇರಾ ಮತ್ತು ಮೇಜು ಬಂದಿಲ್ಲ, ಪರಿಹಾರದ ಹಕ್ಕನ್ನು ಕಾಯ್ದಿರಿಸಿ ಸ್ವೀಕರಿಸಿದ್ದೇನೆ" ಎಂದು ಬರೆದು ಫೋಟೊ ತೆಗೆದುಕೊಳ್ಳಿ, ಅದೇ ಸಾಲನ್ನು ಮಾಲೀಕರಿಗೂ ವಾಟ್ಸಾಪ್ ಮಾಡಿ. ಒಳಗಿರುವುದು ಸಾಗವಾನಿಯೇ ಎಂದು ಮರ ತಿಳಿದವರಿಗೆ ತೋರಿಸದೆ ಬಾಕಿ 8,000 ಕೊಡಬೇಡಿ.

ಪ್ರಶ್ನೆ, ಗದಗದಿಂದ:

ನಾನು ಮನೆಯಲ್ಲಿ ಜಂಪರ್ ಹೊಲಿದು ಜೀವನ ನಡೆಸುತ್ತೇನೆ. ಮೋಟಾರ್ ಹೊಲಿಗೆ ಯಂತ್ರಕ್ಕೆ ಪೂರ್ತಿ ಹಣ ಕೊಟ್ಟು ನಾಲ್ಕು ತಿಂಗಳಾಯಿತು, ಯಂತ್ರ ಬಂದಿಲ್ಲ. ವ್ಯಾಪಾರಕ್ಕೆ ಕೊಂಡವರು ಗ್ರಾಹಕರಲ್ಲ ಎಂದು ಅಂಗಡಿಯವರೇ ಹೆದರಿಸುತ್ತಾರೆ.

ಉತ್ತರ:

ಹೆದರಬೇಡಿ ತಾಯಿ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವುದಕ್ಕೆಂದೇ ಕೊಂಡು ತಾವೇ ಬಳಸುವ ವಸ್ತು ವಾಣಿಜ್ಯ ಉದ್ದೇಶದ್ದಲ್ಲ ಎಂದು ಗ್ರಾಹಕ ಸಂರಕ್ಷಣಾ ಕಾಯ್ದೆಯ ವಿವರಣೆಯಲ್ಲಿಯೇ ಇದೆ. ಬೀಜ ಕೊಂಡ ರೈತರೂ ಗ್ರಾಹಕರೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ದೂರಿನ ಮೊದಲ ಪುಟದಲ್ಲಿಯೇ, ಈ ಯಂತ್ರದಲ್ಲಿ ನಾನೇ ಹೊಲಿಯುವವಳು, ಇದೇ ನನ್ನ ಜೀವನಾಧಾರ ಎಂದು ಸ್ಪಷ್ಟವಾಗಿ ಬರೆಯಿರಿ. ಯಂತ್ರವಿಲ್ಲದೆ ನಾಲ್ಕು ತಿಂಗಳು ಕೈಬಿಟ್ಟ ಹೊಲಿಗೆಯ ಲೆಕ್ಕವನ್ನು, ನಿಮ್ಮ ಅಳತೆಯ ಪುಸ್ತಕದ ಹಿಂದಿನ ಪುಟಗಳ ಆಧಾರದಲ್ಲಿ, ಅದರ ಜೊತೆಗೆ ಸೇರಿಸಿ. ನಿಮ್ಮ ಜಿಲ್ಲಾ ಆಯೋಗ ಗದಗದಲ್ಲಿಯೇ ಇದೆ. ಅಂಗಡಿ ಹುಬ್ಬಳ್ಳಿಯದಾಗಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲಿ ದೂರು ಕೊಡಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ಹಣ ಕೊಟ್ಟ ರಸೀದಿಯ ಫೋಟೊವನ್ನು ಇಂದು ರಾತ್ರಿಯೊಳಗೆ ನನಗೆ ಪ್ರತ್ಯೇಕವಾಗಿ ಕಳಿಸಿ, ನೋಟಿಸಿನ ಕರಡನ್ನು ನಾನು ಬರೆದುಕೊಡುತ್ತೇನೆ.