ಮನೆ ಬಿದ್ದವರಿಗೆ, ಮನೆ ಬಿಟ್ಟು ಬಂದವರಿಗೆ: ವಸತಿ ಪ್ರಶ್ನೋತ್ತರ

(ಉತ್ತರಿಸುವವರು: ರಾಯಚೂರು ಜಿಲ್ಲೆಯಲ್ಲಿ ಪಂಚಾಯಿತಿ ಕೆಲಸ ಮಾಡಿ ನಿವೃತ್ತರಾದ ಅಧಿಕಾರಿ)

ಪ್ರಶ್ನೆ (ಲಿಂಗಸುಗೂರು ಕಡೆಯಿಂದ): ಮೇಡಂ, ನಮ್ಮ ಅಕ್ಕನಿಗೆ ಗಂಡ ಇಲ್ಲ. ಮೊನ್ನೆ ಮಳೆಗೆ ಮಣ್ಣಿನ ಮಾಳಿಗೆ ಮನೆ ಕುಸಿಯಿತು. ಇಬ್ಬರು ಮಕ್ಕಳನ್ನು ಕರ್ಕೊಂಡು ಗುಡಿ ಕಟ್ಟೆ ಮೇಲೆ ಮಲಗುತ್ತಿದ್ದಾಳೆ. ಮನೆ ಕೇಳಿದರೆ "ಲಿಸ್ಟ್ ಬಂದಾಗ ನೋಡೋಣ" ಅಂತಾರೆ. ಏನು ಮಾಡಬೇಕು?

ಉತ್ತರ: ಮೊದಲು, ಬಿದ್ದ ಮಣ್ಣು ತೆಗೆಯಬೇಡಿ. ಎಷ್ಟೋ ಜನ ಎಲ್ಲ ಸ್ವಚ್ಛ ಮಾಡಿ ಆಮೇಲೆ ಅರ್ಜಿ ತರುತ್ತಾರೆ. ಆಗ ಪಂಚನಾಮೆಗೆ, ಅಂದರೆ ಹಾನಿ ನೋಡಿ ಬರೆದುಕೊಳ್ಳಲು, ಬಂದವರಿಗೆ ತೋರಿಸಲು ಏನೂ ಉಳಿದಿರುವುದಿಲ್ಲ. ಮುರಿದ ತೊಲೆ, ಗೋಡೆ, ಮನೆ ನಂಬರು ಕಾಣುವ ಹಾಗೆ ಫೋಟೋ ತೆಗೆಯಿರಿ. ಇವತ್ತೇ ತಲಾಟಿಗೆ (ಗ್ರಾಮ ಆಡಳಿತ ಅಧಿಕಾರಿಗೆ) ತಿಳಿಸಿ, ತಹಶೀಲ್ದಾರ್ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪೂರ್ತಿ ಹಾನಿಯೋ ಭಾಗಶಃ ಹಾನಿಯೋ, ಪಂಚನಾಮೆಯಲ್ಲಿ ಏನು ಬರೆಯುತ್ತಾರೋ ಅದರ ಮೇಲೆ ಪರಿಹಾರದ ಹಣ ನಿಂತಿದೆ. ಬರೆಯುವಾಗ ಅಕ್ಕ ಎದುರಿಗೇ ಇರಲಿ.

ಇನ್ನು ಹೊಸ ಮನೆ. ರಾಜೀವ್ ಗಾಂಧಿ ವಸತಿ ನಿಗಮದ ಕೆಳಗೆ ಬಸವ ವಸತಿ ಇದೆ, ಪರಿಶಿಷ್ಟರಿಗೆ ಅಂಬೇಡ್ಕರ್ ನಿವಾಸ್ ಇದೆ. ವಿಧವೆಯರು, ಅಂಗವಿಕಲರಂಥವರಿಗೆ ದೇವರಾಜ ಅರಸು ವಸತಿ ಯೋಜನೆಯೂ ಇದೆ. ಇದನ್ನು ಹೆಸರು ಹಿಡಿದೇ ಕೇಳಿ. ಬಸವ ವಸತಿಗೆ ಆಯ್ಕೆ ಆಗುವುದು ಗ್ರಾಮಸಭೆಯಲ್ಲಿ. ಲಿಸ್ಟ್ ತಾನಾಗಿ ಬರುವುದಿಲ್ಲ, ಸಭೆಯಲ್ಲಿ ಕೂತು ಹೇಳಿದವರ ಹೆಸರು ನಡಾವಳಿ ಪುಸ್ತಕಕ್ಕೆ ಹೋಗುತ್ತದೆ. ಬರೆದಿದ್ದನ್ನು ಓದಿಸಿಕೊಂಡೇ ಎದ್ದು ಬನ್ನಿ.

ಜಾಗ ಯಾರ ಹೆಸರಲ್ಲಿದೆ? ನಮ್ಮ ಹೆಣ್ಣುಮಕ್ಕಳು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ಒಬ್ಬಾಕೆ ಪ್ಲಾಸ್ಟಿಕ್ ಚೀಲದಲ್ಲಿ ಗಂಡನ ಮರಣ ಪತ್ರ, ರೇಷನ್ ಕಾರ್ಡು ಸುತ್ತಿಕೊಂಡು ಮೂರು ಸಲ ಬಂದಳು. ಜಾಗ ಮಾತ್ರ ಸತ್ತ ಮಾವನ ಹೆಸರಲ್ಲೇ ಇತ್ತು. ನಾವು ಮೊದಲ ದಿನವೇ ಹೇಳಿದ್ದರೆ ಆಕೆಗೆ ಒಂದು ವರ್ಷ ಉಳಿಯುತ್ತಿತ್ತು. ಅದಕ್ಕೇ ಹೇಳುತ್ತಿದ್ದೇನೆ, ವಾರಸಾ (ಸತ್ತವರ ಹೆಸರಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಮಾಡಿಸಿ ಇ-ಸ್ವತ್ತಿನ ನಮೂನೆ, ಅಂದರೆ ಪಂಚಾಯಿತಿಯ ಆಸ್ತಿ ದಾಖಲೆ, ಅಕ್ಕನ ಹೆಸರಿಗೆ ತರುವ ಕೆಲಸ ಈಗಲೇ ಶುರು ಮಾಡಿ.

ಪ್ರಶ್ನೆ (ಕೊಪ್ಪಳ): ಪ್ರಧಾನಮಂತ್ರಿ ಆವಾಸ್ ಮನೆ ಲಿಂಟಲ್‌ವರೆಗೆ ಬಂದಿದೆ. ಬಿಲ್ ಬಂದಿಲ್ಲ. ಗುಳೆ ಹೋಗಬೇಕು.

ಉತ್ತರ: ಫೋಟೋ ಆಗಿದೆಯಾ ನೋಡಿ. ಕಂತು ಬಿಡುಗಡೆ ಆಗುವುದು ಹಂತ ಹಂತದ ಜಿಪಿಎಸ್ ಫೋಟೋ ಮೇಲೆ. ಅದನ್ನು ಪಂಚಾಯಿತಿಯವರು ಜಾಗಕ್ಕೇ ಬಂದು ತೆಗೆಯಬೇಕು. ನೀವು ಬೆಂಗಳೂರಿನಲ್ಲಿದ್ದರೆ ನೆನಪಿಸುವವರು ಯಾರು? ಸಾಧ್ಯವಾದರೆ ಒಬ್ಬರು ಊರಲ್ಲೇ ಉಳಿಯಿರಿ. ಈ ಯೋಜನೆಯಲ್ಲಿ ಸಿಗುವ 1.20 ಲಕ್ಷದಲ್ಲಿ ಮನೆ ಮುಗಿಯುವುದಿಲ್ಲ ಅಂತ ನನಗೂ ಗೊತ್ತು. ಆದರೆ ಅರ್ಧ ಗೋಡೆ ಎರಡು ಮಳೆ ತಡೆಯುವುದಿಲ್ಲ.

ಪ್ರಶ್ನೆ (ಬಳ್ಳಾರಿ): ರೈಲ್ವೆ ಸ್ಟೇಷನ್ ಹೊರಗೆ ಒಬ್ಬ ಅಜ್ಜ ವಾರದಿಂದ ಮಲಗುತ್ತಿದ್ದಾರೆ. ಮನೆ ಮಗನ ಹೆಸರಿಗೆ ಬರೆದುಕೊಟ್ಟೆ, ಈಗ ಹೊರಗೆ ಹಾಕಿದ ಅಂತಾರೆ.

ಉತ್ತರ: ಇವತ್ತೇ 14567ಕ್ಕೆ ಫೋನ್ ಮಾಡಿ, ಅದು ಹಿರಿಯರ ಸಹಾಯವಾಣಿ. ಪಾಲಿಕೆಯಲ್ಲಿ ವಸತಿರಹಿತರ ಆಶ್ರಯ ಕೇಂದ್ರ ಎಲ್ಲಿದೆ ಅಂತಲೂ ಕೇಳಿ. 2024ರಲ್ಲಿ ಮುಗಿದ ಕೇಂದ್ರ ಸರ್ಕಾರದ ನಗರ ಜೀವನೋಪಾಯ ಯೋಜನೆಯ ನಿಯಮದಂತೆ 1 ಲಕ್ಷ ಜನಸಂಖ್ಯೆಗೆ ಒಂದು ಕೇಂದ್ರ ಇರಬೇಕಿತ್ತು, ವರ್ಷವಿಡೀ ಬಾಗಿಲು ತೆರೆದಿರಬೇಕಿತ್ತು. ಅಜ್ಜನ ಜೊತೆ ನೀವೂ ಹೋಗಿ, ದಯವಿಟ್ಟು. ಒಂಟಿಯಾಗಿ ಕಳಿಸಿದರೆ ಬಾಗಿಲಿಂದಲೇ ವಾಪಸ್ ಬರುವವರು ಜಾಸ್ತಿ.

ಆಮೇಲೆ ಮನೆ ವಿಷಯ. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮು ಓದಿಸಿ. ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಆಸ್ತಿ ಬರೆದುಕೊಟ್ಟು, ಮಗ ನೋಡಿಕೊಳ್ಳದೆ ಹೋದರೆ, ಆ ಪತ್ರ ರದ್ದು ಮಾಡಿಸಬಹುದು. ಅರ್ಜಿ ಹೋಗುವುದು ಉಪವಿಭಾಗಾಧಿಕಾರಿಗೆ. ತಿಂಗಳ ಜೀವನಾಂಶವನ್ನೂ ಅಲ್ಲೇ ಕೇಳಬಹುದು.

ಪ್ರಶ್ನೆ (ಅವರೇ ಮತ್ತೆ): ಪತ್ರದಲ್ಲಿ ಷರತ್ತು ಬರೆಯದೆ ಇದ್ದರೆ?

ಉತ್ತರ: ಆಗ ಕಷ್ಟ ಆಗುತ್ತದೆ. ಆದರೂ ಅರ್ಜಿ ಹಾಕಿ, ಜೀವನಾಂಶದ ಹಕ್ಕು ಹಾಗೇ ಇರುತ್ತದೆ. ಈ ಪ್ರಶ್ನೋತ್ತರ ಗುಂಪಿನಲ್ಲಿ ಮಕ್ಕಳಿಗೆ ಮನೆ ಬರೆದುಕೊಡಲು ಹೊರಟವರು ಇದ್ದರೆ, ನೋಂದಣಿಗೆ ಹೋಗುವ ಮೊದಲೇ "ಸಾಯುವವರೆಗೂ ಇದೇ ಮನೆಯಲ್ಲಿ ಇಟ್ಟುಕೊಂಡು ನೋಡಿಕೊಳ್ಳಬೇಕು" ಎಂಬ ಸಾಲು ಸೇರಿಸಿ. ಅಜ್ಜನನ್ನು ಕರೆದುಕೊಂಡು ಹೋದ ಮೇಲೆ ಇಲ್ಲಿ ತಿಳಿಸಿ, ಅರ್ಜಿ ಬರೆಯಲು ನಾನೇ ಕೂರುತ್ತೇನೆ.