ಫೋನ್ ಹಿಡಿದೂ ಹಿಡಿದೂ ಹೆಬ್ಬೆರಳ ಬುಡ ನೋಯ್ತಿದೆ, ನಿಮಗೂ ಹೀಗಾಗಿತ್ತಾ?

ಎರಡು ತಿಂಗಳಿಂದ ಬಲಗೈ ಹೆಬ್ಬೆರಳ ಬುಡದಲ್ಲಿ, ಮಣಿಕಟ್ಟಿಗೆ ಸೇರುವ ಜಾಗದಲ್ಲಿ ನೋವು. ಆಫೀಸ್ ಗ್ರೂಪು, ರೀಲ್ಸು ಎಲ್ಲ ಸೇರಿ ದಿನಕ್ಕೆ ಆರು ಗಂಟೆ ಫೋನ್ ಕೈಯಲ್ಲೇ ಇರುತ್ತದೆ. ಎಣ್ಣೆ ಹಚ್ಚಿ ತಿಕ್ಕಿದರೆ ಹೋಗುತ್ತೆ ಅಂತಾರೆ ಮನೆಯಲ್ಲಿ. ಹೀಗಾದವರು ಏನು ಮಾಡಿದಿರಿ?

—

ತಿಕ್ಕಬೇಡಿ. ಅದನ್ನೇ ಮೊದಲು ಹೇಳಿಬಿಡ್ತೀನಿ, ಯಾಕಂದ್ರೆ ನಾನು ತಿಕ್ಕಿಸಿಕೊಂಡೇ ಕೆಡಿಸಿಕೊಂಡವಳು.

ನಂದು ಮನೆಯಿಂದಲೇ ಇಳಕಲ್ ಸೀರೆ ವ್ಯಾಪಾರ, ಎಲ್ಲ ವಾಟ್ಸಾಪ್‌ನಲ್ಲಿ. ದಿನಕ್ಕೆ ನೂರು ಜನ "ರೇಟ್ ಎಷ್ಟು" ಅಂತ ಕೇಳ್ತಾರೆ, ನೂರು ಜನಕ್ಕೂ ಇದೊಂದೇ ಹೆಬ್ಬೆರಳು ಉತ್ತರ ಕೊಡಬೇಕು. ಅದೂ ಕನ್ನಡದಲ್ಲಿ. ಒಂದೊಂದೇ ಅಕ್ಷರ ಒತ್ತುವ ಕೀಬೋರ್ಡಿನಲ್ಲಿ "ಸ್ತ್ರೀ" ಅಂತ ಬರೆಯೋಕೆ ಆರು ಸಲ ಒತ್ತಬೇಕು, ಬೇಕಾದ್ರೆ ಎಣಿಸಿ ನೋಡಿ. ದೀಪಾವಳಿ ವ್ಯಾಪಾರ ಮುಗಿಯುವ ಹೊತ್ತಿಗೆ ಕುಕ್ಕರ್ ಮುಚ್ಚಳ ತಿರುಗಿಸೋಕೆ ಆಗ್ತಿರಲಿಲ್ಲ, ಬೀಗದ ಕೈ ತಿರುವಿದರೆ ಚುಳ್ ಅಂತ ಮೊಣಕೈವರೆಗೂ ಎಳೆಯೋದು. ಅತ್ತೆ ಉಳುಕಿರಬೇಕು ಅಂದರು, ಉಳುಕು ತೆಗೆಯುವವರ ಹತ್ತಿರ ಕರೆದುಕೊಂಡು ಹೋದರು. ಅವರು ಎಣ್ಣೆ ಹಾಕಿ ಎಳೆದೂ ಎಳೆದೂ ನೀವಿದರು. ಮರುದಿನ ಮಣಿಕಟ್ಟಿನ ಪಕ್ಕ ಗೋಲಿಯಷ್ಟು ಊತ.

ಆಮೇಲೆ ಮೂಳೆ ಡಾಕ್ಟರ ಹತ್ತಿರ ಹೋದೆ. ಹೆಬ್ಬೆರಳನ್ನು ಒಳಗಿಟ್ಟು ಮುಷ್ಟಿ ಮಾಡಿಸಿದರು, ಮುಷ್ಟಿಯನ್ನು ನಿಧಾನಕ್ಕೆ ಕಿರುಬೆರಳ ಕಡೆ ಬಗ್ಗಿಸಿ ಅಂದರು. ಅಮ್ಮಾ ಅಂತ ಕೂಗಿಬಿಟ್ಟೆ. ಡಿ ಕ್ವೆರ್ವೇನ್ ಅಂತ ಹೆಸರು ಬರೆದರು. ಆ ಹೆಸರಿನ ಸ್ವಿಸ್ ಸರ್ಜನ್ 1895ರಲ್ಲೇ ಇದರ ಬಗ್ಗೆ ಬರೆದಿದ್ದರಂತೆ, ಅಂದ್ರೆ ಮೊಬೈಲಿಗಿಂತ ಹಳೇ ಕಾಯಿಲೆ. ಬಟ್ಟೆ ಹಿಂಡುವವರಿಗೆ, ಕೂಸು ಎತ್ತಿಕೊಳ್ಳುವ ಬಾಣಂತಿಯರಿಗೆ ಮೊದಲಿಂದಲೂ ಬರುತ್ತಿದ್ದದ್ದು. ಹೆಬ್ಬೆರಳನ್ನು ಎಳೆಯುವ ಎರಡು ಹುರಿಗಳು ಮಣಿಕಟ್ಟಿನ ಹತ್ತಿರ ಒಂದು ಸಣ್ಣ ಸುರಂಗದಲ್ಲಿ ಓಡಾಡುತ್ತವೆ. ಲಂಗದ ಲಾಡಿ ಮಡಿಕೆಯೊಳಗೆ ಓಡಾಡುವ ಹಾಗೆ. ಆ ಮಡಿಕೆ ದಪ್ಪಗಾಗಿ ಬಿಗಿದರೆ ಲಾಡಿ ಎಳೆದಾಗೆಲ್ಲ ಉಜ್ಜುತ್ತೆ, ಅದರ ಮೇಲೆ ತಿಕ್ಕಿದರೆ ಇನ್ನೇನಾಗುತ್ತೆ ಹೇಳಿ?

ಮೆಡಿಕಲ್ ಶಾಪಿನಲ್ಲಿ ನಾನೇ ತಂದಿದ್ದ ಮಣಿಕಟ್ಟಿನ ಪಟ್ಟಿ ದಂಡ ಆಯ್ತು, ಹೆಬ್ಬೆರಳು ಅಲ್ಲಾಡ್ತಾನೇ ಇತ್ತು. ಹೆಬ್ಬೆರಳನ್ನೂ ಸೇರಿಸಿ ಹಿಡಿಯುವ ಸ್ಪ್ಲಿಂಟ್ ಬೇಕು, ಅದನ್ನು ಕೇಳಿ ತಗೊಳ್ಳಿ. ಐದು ವಾರ ಹಾಕಿದೆ, ಸಂಜೆ ಬಟ್ಟೆಯಲ್ಲಿ ಐಸ್ ಸುತ್ತಿ ಹತ್ತು ನಿಮಿಷ ಇಟ್ಟೆ. ಮುಕ್ಕಾಲು ಪಾಲು ಹೋಯ್ತು, ಉಳಿದದ್ದಕ್ಕೆ ಒಂದು ಸ್ಟೆರಾಯ್ಡ್ ಇಂಜೆಕ್ಷನ್. ಶುಗರ್ ಇದ್ದರೆ ಮೊದಲೇ ಹೇಳಿ, ಆ ಇಂಜೆಕ್ಷನ್‌ಗೆ ಕೆಲವು ದಿನ ಶುಗರ್ ಏರುತ್ತೆ.

ವ್ಯಾಪಾರ ಬಿಡೋಕೆ ಆಗಲ್ವಲ್ಲ. ಫೋನ್ ಮೇಜಿನ ಮೇಲಿಟ್ಟು ತೋರುಬೆರಳಲ್ಲಿ ಒತ್ತುತ್ತೀನಿ. ವಾಟ್ಸಾಪ್ ಬಿಸಿನೆಸ್‌ನಲ್ಲಿ ಸಿದ್ಧ ಉತ್ತರ ಇಟ್ಟುಕೊಂಡಿದ್ದೀನಿ, ಒಂದು ಓರೆಗೆರೆ (/) ಒತ್ತಿ ಆರಿಸಿದರೆ ರೇಟು, ಬಣ್ಣ, ಕೊರಿಯರ್ ಖರ್ಚು ಎಲ್ಲ ತಾನೇ ಬರುತ್ತೆ. ಈ ಬುದ್ಧಿ ಮೊದಲೇ ಬರಬಾರದಿತ್ತಾ!

—

ಅಕ್ಕ ಹೇಳಿದ್ದು ಸರಿ, ಆದರೆ ಎಲ್ಲರದ್ದೂ ಅದೇ ಅಂದುಕೊಳ್ಳಬೇಡಿ. ಯಾವ ಬೆರಳು ಅಂತ ನೋಡಿ. ನಂಗೆ ನೋವೇ ಇರಲಿಲ್ಲ, ಕಿರುಬೆರಳು, ಉಂಗುರದ ಬೆರಳು ಎರಡಕ್ಕೂ ಜೋಮು. ರಾತ್ರಿ ಒಂದು ಮಗ್ಗುಲಾಗಿ ಮಲಗಿ, ಮೊಣಕೈ ಪೂರ್ತಿ ಮಡಚಿ, ಕ್ರಿಕೆಟ್ ಹೈಲೈಟ್ಸ್ ನೋಡ್ತಿದ್ದೆ. ಮೊಣಕೈ ಎಲ್ಲಾದರೂ ತಾಗಿದರೆ ಶಾಕ್ ಹೊಡೆದ ಹಾಗಾಗುತ್ತಲ್ಲ, ಆ ನರವೇ ಅಲ್ಲಿ ಎಳೆದು ಒತ್ತಿಕೊಳ್ಳೋದಂತೆ. ಮಲಗಿ ನೋಡೋದು ಬಿಟ್ಟೆ, ತಿಂಗಳಲ್ಲಿ ಹೋಯ್ತು. ನಮ್ಮ ಅಕ್ಕನಿಗೆ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು ಜೋಮು ಹಿಡಿದು ನಡುರಾತ್ರಿ ಎದ್ದು ಕೈ ಕೊಡವುತ್ತಿದ್ದಳು. ಅದು ಬೇರೆ ನರ, ಮಣಿಕಟ್ಟಿನೊಳಗೆ ಒತ್ತಿಕೊಳ್ಳೋದು, ಕಾರ್ಪಲ್ ಟನಲ್ ಅಂತಾರೆ. ಅವಳು ಫೋನನ್ನೇ ಬೈತಿದ್ದಳು, ಟೆಸ್ಟ್ ಮಾಡಿಸಿದರೆ ಥೈರಾಯ್ಡ್ ಸಿಕ್ಕಿತು. ಲೋಟ ಜಾರಿ ಬೀಳೋಕೆ ಶುರುವಾದರೆ ಮಾತ್ರ ಮನೆಮದ್ದು ಅಂತ ಕೂರಬೇಡಿ.

—

ನಂಗೆ ಕಿರುಬೆರಳಲ್ಲಿ ಫೋನಿನ ಅಂಚು ಕೂತು ಕುಳಿ ಬಿದ್ದಿತ್ತು. ಮೂಳೆ ಬಾಗಿದೆ ಅಂತ ಹೆದರಿ ಹೋದರೆ ಡಾಕ್ಟರು ನಕ್ಕರು, ಚರ್ಮ ಒತ್ತಿದ್ದು ಅಷ್ಟೇ ಅಂತ. 2007ರ ಮೊದಲ ಐಫೋನ್ 135 ಗ್ರಾಂ ಇತ್ತು, ನನ್ನ ಫೋನ್ ಕವರ್ ಸಮೇತ ಅಡುಗೆಮನೆ ತಕ್ಕಡೀಲಿ 238. ಈಗ ಹಿಂದೆ ಒಂದು ರಿಂಗ್ ಅಂಟಿಸಿದ್ದೀನಿ.

—

ಪ್ರಶ್ನೆ ಕೇಳಿದವನೇ ಬರೀತಿದ್ದೀನಿ. ಮುಷ್ಟಿ ಮಾಡಿ ಬಗ್ಗಿಸಿದೆ, ಕಣ್ಣಲ್ಲಿ ನೀರು ಬಂತು. ಎಣ್ಣೆ ಬಾಟಲಿ ಒಳಗಿಟ್ಟಾಯ್ತು, ಶನಿವಾರ ಡಾಕ್ಟರ ಹತ್ತಿರ ಹೋಗ್ತೀನಿ. ಇದನ್ನು ಬಾಯಲ್ಲಿ ಹೇಳಿ ಟೈಪ್ ಮಾಡಿಸಿದ್ದು, ಮೊದಲ ಸಲ "ಹೆಬ್ಬಾವು ನೋಯ್ತಿದೆ" ಅಂತ ಬಂದಿತ್ತು, ಸರಿ ಮಾಡಿದ್ದೀನಿ. ತೋರುಬೆರಳಲ್ಲಿ, ಅಕ್ಕಾ.