ಟೋಕಿಯೋ ಸ್ಟೇಷನ್ನಿನ ಸ್ಲೇಟು, ನಮ್ಮ ಮನೆಯ ಕನ್ನಡ

ಎಲ್ಲರಿಗೂ ನಮಸ್ಕಾರ. ಇಬ್ಬರು ಮಕ್ಕಳ ಜೊತೆ ಟೋಕಿಯೋಗೆ ಬರುತ್ತಿರುವವರು ನಿನ್ನೆ ಒಂದು ಪ್ರಶ್ನೆ ಕೇಳಿದ್ದರು. ಮಕ್ಕಳನ್ನು ಜಪಾನೀ ಶಾಲೆಗೆ ಸೇರಿಸಿದರೆ ಕನ್ನಡ ಮರೆತೇಬಿಡುತ್ತಾರಾ ಅಂತ. ಮನೆ, ಶಾಲೆ, ಅಕ್ಕಿ ಬೇಳೆ ಬಗ್ಗೆ ಉಳಿದವರು ಚೆನ್ನಾಗಿ ಹೇಳಿದ್ದಾರೆ. ಟೋಕಿಯೋದ ನಿಶಿ ಕಸಾಯ್ ಬಡಾವಣೆಯ ಸುತ್ತಮುತ್ತ ನಮ್ಮ ದೇಶದವರು ಜಾಸ್ತಿ, ಅಲ್ಲೇ ಮನೆ ನೋಡಿ ಅಂತ ನಾನೂ ಹೇಳುತ್ತೇನೆ. ನಾನು ಕನ್ನಡದ ವಿಷಯ ಮಾತ್ರ ಬರೆಯುತ್ತೇನೆ. ಅದಕ್ಕೆ ಟೋಕಿಯೋ ಸ್ಟೇಷನ್ ಕಥೆ ಹೇಳಬೇಕಾಗುತ್ತದೆ. ಸ್ವಲ್ಪ ಉದ್ದ ಇದೆ.

ನನ್ನ ಮಗಳು 2014ರಲ್ಲಿ ಇಲ್ಲೇ ಹುಟ್ಟಿದವಳು. ಒಂದನೇ ಕ್ಲಾಸಿಗೆ ಬರುವ ಹೊತ್ತಿಗೆ ಅವಳ ಕನ್ನಡ ಊಟ ಮಾಡು, ಹಲ್ಲುಜ್ಜು, ಮಲಗು ಅನ್ನುವಲ್ಲಿಗೆ ನಿಂತುಬಿಟ್ಟಿತ್ತು. ಹಂಪಿ ಪುಸ್ತಕ ತೋರಿಸಿದರೆ ಎರಡು ನಿಮಿಷ ನೋಡಿ ಎದ್ದು ಹೋಗುತ್ತಿದ್ದಳು. ರಾತ್ರಿಯೆಲ್ಲ ಯೋಚನೆ ಮಾಡಿದ್ದೇನೆ. ಅವಳು ದಿನಾ ನೋಡುವ ಯಾವುದರ ಬಗ್ಗೆಯೂ ನಾವು ಕನ್ನಡದಲ್ಲಿ ಮಾತೇ ಆಡುತ್ತಿರಲಿಲ್ಲ. ಶಾಲೆ, ರೈಲು, ಭೂಕಂಪ ಎಲ್ಲ ಜಪಾನೀ ಭಾಷೆಯಲ್ಲಿ. ಕನ್ನಡಕ್ಕೆ ಉಳಿದದ್ದು ಅಡುಗೆಮನೆ ಮಾತ್ರ.

ಆಮೇಲೆ ಭಾನುವಾರ ಅವಳನ್ನು ಕರೆದುಕೊಂಡು ಹೊರಡತೊಡಗಿದೆ. ತೋಝಾಯ್ ಲೈನ್ ಮೆಟ್ರೋ ಹತ್ತಿ ಓತೆಮಾಚಿಯಲ್ಲಿ ಇಳಿದರೆ ನೆಲದಡಿಯ ದಾರಿಯಲ್ಲೇ ಟೋಕಿಯೋ ಸ್ಟೇಷನ್ ತಲುಪಬಹುದು. ಮಕ್ಕಳ ಟಿಕೆಟ್ ಕಾರ್ಡ್ ಮುಟ್ಟಿಸಿದರೆ ಗೇಟು ಹಕ್ಕಿಮರಿಯ ಹಾಗೆ ಪಿಯೋ ಪಿಯೋ ಅನ್ನುತ್ತದೆ. ಅದನ್ನು ಕೇಳುವುದಕ್ಕೇ ಅವಳು ಮುಂದೆ ಓಡುತ್ತಿದ್ದಳು.

ಮಾರುನೌಚಿ ಅನ್ನುವ ಪಶ್ಚಿಮದ ಕಡೆ ಹೊರಗೆ ಬಂದು ತಿರುಗಿ ನೋಡಿದರೆ ಕೆಂಪು ಇಟ್ಟಿಗೆಯ ಕಟ್ಟಡ, ಸುಮಾರು 335 ಮೀಟರ್ ಉದ್ದ. ತಾತ್ಸುನೊ ಕಿಂಗೊ ಅನ್ನುವವರು ವಿನ್ಯಾಸ ಮಾಡಿದ್ದು. 1914ರ ಡಿಸೆಂಬರ್ 20ರಂದು ಸ್ಟೇಷನ್ ಶುರುವಾಯಿತು. ಮೈಸೂರಿನ ಈಗಿನ ಅರಮನೆ ಮುಗಿದದ್ದು 1912ರಲ್ಲಿ, ಹಾಗಾಗಿ ಎರಡೂ ಓರಗೆಯವು. ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನ್ ನೋಡಲು ಬಂದಾಗ ಈ ಸ್ಟೇಷನ್ ಇರಲಿಲ್ಲ. ಇದು ಬಾಗಿಲು ತೆರೆದಾಗ ಅವರು ಮೈಸೂರಿನ ದಿವಾನರು. ಇದನ್ನು ಹೇಳಿದ ದಿನ ಮಗಳು ಮೊದಲ ಸಲ "ಅರಮನೆ ಫೋಟೋ ತೋರಿಸಮ್ಮ" ಅಂದಳು.

1923ರ ದೊಡ್ಡ ಭೂಕಂಪಕ್ಕೆ ಈ ಕಟ್ಟಡ ಅಲುಗಲಿಲ್ಲ. ಆದರೆ 1945ರ ಮೇ 25ರ ಬಾಂಬ್ ದಾಳಿಯಲ್ಲಿ ಗುಮ್ಮಟ, ಮೂರನೇ ಮಹಡಿ ಸುಟ್ಟುಹೋದವು. ಯುದ್ಧ ಮುಗಿದ ಮೇಲೆ ಕೈಯಲ್ಲಿ ಕಾಸಿಲ್ಲದ ಕಾಲ. ಸದ್ಯಕ್ಕೆ ಇರಲಿ ಅಂತ ಎರಡೇ ಮಹಡಿಗೆ ರಿಪೇರಿ ಮಾಡಿದರು. ಆ ಸದ್ಯದ ರಿಪೇರಿ ಅರವತ್ತು ವರ್ಷ ಬಾಳಿತು. ಕೆಡವಿ ಎತ್ತರದ ಕಟ್ಟಡ ಕಟ್ಟುವ ಮಾತು ಬಂದಾಗ ಊರಿನ ಜನ ಬೇಡ ಅಂತ ನಿಂತರು. 2007ರಲ್ಲಿ ಕೆಲಸ ಶುರುವಾಗಿ, 2012ರ ಅಕ್ಟೋಬರ್‌ಗೆ ಮತ್ತೆ ಮೂರು ಮಹಡಿ, ಮತ್ತೆ ಗುಮ್ಮಟ. ದುಡ್ಡು ಹೊಂದಿಸಿದ ರೀತಿ ನನಗೆ ತುಂಬಾ ಇಷ್ಟ. ಸ್ಟೇಷನ್ ಮೇಲೆ ಇನ್ನೂ ಎಷ್ಟು ಮಹಡಿ ಕಟ್ಟಬಹುದಿತ್ತೋ ಆ ಹಕ್ಕನ್ನು ಅಕ್ಕಪಕ್ಕದ ಕಟ್ಟಡಗಳಿಗೆ ಮಾರಿದರು.

ಗುಮ್ಮಟದ ಎಂಟು ಮೂಲೆಯಲ್ಲಿ ಎಂಟು ಪ್ರಾಣಿಗಳಿವೆ. ಇಲ್ಲಿ ಹನ್ನೆರಡು ವರ್ಷಕ್ಕೆ ಹನ್ನೆರಡು ಪ್ರಾಣಿ, ನಮ್ಮ ಸಂವತ್ಸರಕ್ಕೆ ಹೆಸರಿರುವ ಹಾಗೆ. 2014 ಕುದುರೆಯ ವರ್ಷ. ಮಗಳು ಕತ್ತೆತ್ತಿ ಹುಡುಕಿದಳು, ಕುದುರೆ ಇಲ್ಲ! ಇಲಿ, ಮೊಲ, ಕೋಳಿನೂ ಇಲ್ಲ. ಆ ನಾಲ್ಕೂ ತಾತ್ಸುನೊ ಹುಟ್ಟಿದ ಸಾಗಾ ಸೀಮೆಯಲ್ಲಿ, ಅವರೇ ವಿನ್ಯಾಸ ಮಾಡಿದ ತಾಕೆಓ ಬಿಸಿನೀರಿನ ಬುಗ್ಗೆಯ ಹೆಬ್ಬಾಗಿಲಲ್ಲಿ ಸಿಕ್ಕಿವೆ. ಅಲ್ಲಿಗೆ ಯಾವಾಗ ಹೋಗೋದು ಅಂತ ಈಗಲೂ ಕೇಳುತ್ತಾಳೆ, ಕನ್ನಡದಲ್ಲೇ.

ದಕ್ಷಿಣದ ಗೇಟಿನ ಹತ್ತಿರ ನೆಲದಲ್ಲಿ ಒಂದು ಪುಟ್ಟ ಗುರುತಿದೆ. ಪ್ರಧಾನಿ ಹರಾ ತಕಾಶಿ 1921ರಲ್ಲಿ ಕೊಲೆಯಾದ ಜಾಗ. ಅದನ್ನು ಹೇಳಲೋ ಬೇಡವೋ ಅಂತ ಬಹಳ ದಿನ ತಡೆದೆ. ಒಂಬತ್ತು ತುಂಬಿದ ಮೇಲೆ ಹೇಳಿದೆ. ಪುಟ್ಟ ಮಕ್ಕಳಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಹೋದ ವರ್ಷ ಅಪ್ಪ ಮೈಸೂರಿನಿಂದ ಬಂದಿದ್ದರು. ಸ್ಟೇಷನ್ ಎದುರಿನ ಬಯಲಲ್ಲಿ ಕೂತಿದ್ದೆವು. ಮಗಳು ಚಾವಣಿಯ ಕಡೆ ಕೈ ತೋರಿಸಿದಳು.

"ತಾತ, ಆ ಕಪ್ಪು ಕಲ್ಲು ಇದೆಯಲ್ಲ, ಅದು ತ್ಸುನಾಮಿಲಿ ಮುಳುಗಿ ಬಂದಿದ್ದು."

ನಿಜ. ಹಳೇ ಚಾವಣಿಯ ಕಲ್ಲಿನ ಹಲಗೆಗಳನ್ನು ಇಳಿಸಿ, ಸರಿಮಾಡಲು ಮಿಯಾಗಿ ಸೀಮೆಯ ಇಶಿನೊಮಾಕಿಗೆ ಕಳಿಸಿದ್ದರು. 2011ರ ಮಾರ್ಚ್ 11ರ ತ್ಸುನಾಮಿ ಅವನ್ನೂ ಎಳೆದಾಡಿತು. ಮನೆಮಠ ಕಳೆದುಕೊಂಡ ಊರಿನಲ್ಲಿ ಜನ ಕೆಸರಿನಿಂದ ಅವನ್ನು ಹೆಕ್ಕಿ, ಒಂದೊಂದಾಗಿ ತೊಳೆದರು. ಹಾಳಾಗದೆ ಉಳಿದ ಸಾವಿರಾರು ಹಲಗೆಗಳು ವಾಪಸ್ ಬಂದು ಚಾವಣಿ ಏರಿದವು.

"ಯಾವ ಕಲ್ಲಮ್ಮಾ ಅದು?" ಅಂದರು ಅಪ್ಪ.

ಅವಳಿಗೆ ಕನ್ನಡದ ಹೆಸರು ಗೊತ್ತಿಲ್ಲ. ಸ್ವಲ್ಪ ತಡೆದು "ಸುರೇಟೊ" ಅಂದಳು.

"ಸ್ಲೇಟಾ! ಅದರ ಮೇಲೇ ಅಲ್ವೇನೇ ನಾನು ಅ ಆ ಇ ಈ ತಿದ್ದಿದ್ದು!"

ಅಪ್ಪ ಎಡ ಅಂಗೈಯನ್ನೇ ಸ್ಲೇಟು ಮಾಡಿಕೊಂಡು, ತೋರುಬೆರಳಲ್ಲಿ ನಿಧಾನವಾಗಿ ಅ ಬರೆದರು. ಬಳಪ ಹೀಗೆ ಹಿಡಿಯೋದು, ಒದ್ದೆ ಬಟ್ಟೆಯಲ್ಲಿ ಹೀಗೆ ಒರೆಸೋದು ಅಂತ ತೋರಿಸಿದರು. ಇವಳು ಬಿಡಲಿಲ್ಲ. ಇಶಿನೊಮಾಕಿಯ ಒಗಾತ್ಸು ಕಲ್ಲಿನಿಂದ ಮಸಿ ತೇಯುವ ಸುಝುರಿನೂ ಮಾಡುತ್ತಾರೆ, ನಮ್ಮ ಶಾಲೆಯಲ್ಲೂ ಕುಂಚದಲ್ಲಿ ಬರೆಯೋ ಕ್ಲಾಸ್ ಇದೆ ಅಂತ ತಾತನಿಗೆ ಪಾಠ ಶುರುಮಾಡಿದಳು. ಮಾತು ಸಿಗದ ಕಡೆ ತಾತ ಮಾತು ಕೊಟ್ಟರು. ಬಳಪ, ಮಸಿ, ತೇಯೋದು, ತಿದ್ದೋದು. ಒಂದು ಗಂಟೆ ಇಬ್ಬರೂ ಎದ್ದೇಳಲಿಲ್ಲ. ನಾನು ಸುಮ್ನೆ ಪಕ್ಕದಲ್ಲಿ ಕೂತಿದ್ದೆ, ಕಣ್ಣು ತುಂಬಿ ಬಂದಿತ್ತು.

ಬರುವಾಗ ಒಂದು ಸ್ಲೇಟು, ಒಂದು ಡಬ್ಬಿ ಬಳಪ ಲಗೇಜಿನಲ್ಲಿ ಹಾಕಿಕೊಳ್ಳಿ. ಬಂದು ಮನೆ ಹೊಂದಿಸಿಕೊಂಡ ಮೇಲೆ ಒಂದು ಭಾನುವಾರ ಹೇಳಿ, ಉತ್ತರದ ಗುಮ್ಮಟದ ಕೆಳಗೆ ಸಿಗೋಣ. ಮಾರುನೌಚಿ ಅಂತ ಬೋರ್ಡು ನೋಡಿಕೊಂಡೇ ಬನ್ನಿ. ಆಚೆ ಬದಿಯ ಯಾಎಸು ಕಡೆ ಹೋದರೆ ಮಕ್ಕಳನ್ನು ಕಟ್ಟಿಕೊಂಡು ತುಂಬಾ ನಡೆಯಬೇಕಾಗುತ್ತದೆ. ಪ್ರಾಣಿಗಳನ್ನು ನನ್ನ ಮಗಳೇ ತೋರಿಸುತ್ತಾಳೆ.